ಗುರುವಾರದ ಇಳಿತ

ಬಂದರಿನ ಲಾಡ್ಜ್
2 ಏಪ್ರಿಲ್, ಬುಧವಾರ

ಪ್ರೀತಿಯ ಅಮ್ಮ,

ಕೆಲಸ ಸಿಕ್ಕಿತು ಅಮ್ಮಾ, ಇಬ್ಬರಿಗೂ ಸಿಕ್ಕಿತು, ಪ್ರವಾಸೋದ್ಯಮ ಇಲಾಖೆಯವರು ಒಂದೇ ಹಾಳೆಯಲ್ಲಿ ‘ಪತಿ ಮತ್ತು ಪತ್ನಿ’ ಎಂದು ಜೋಡಿಯಾಗಿ ಟೈಪ್ ಮಾಡಿ ಕೊಟ್ಟಿದ್ದಾರೆ. ಮದುವೆಯ ಸರ್ಟಿಫಿಕೇಟ್‌ಗಿಂತ ಇದೇ ಚೆನ್ನಾಗಿದೆ, ಅದರಲ್ಲಿ ನನ್ನ ಜನ್ಮದಿನವನ್ನೇ ತಪ್ಪು ಹಾಕಿದ್ದರು.

ಶನಿವಾರದ ದೋಣಿಗೆ ಹೊರಡುತ್ತೇವೆ. ಆರು ತಿಂಗಳು, ಬೆಟ್ಟ ಸೀದಾ ಸಮುದ್ರಕ್ಕೆ ಇಳಿಯುವ ಆ ಕಡೆಯ ದಂಡೆಯಲ್ಲಿ, ನಾಲ್ಕು ಮರದ ಕ್ಯಾಬಿನ್‌ಗಳಿಗೆ ನಾವೇ ಯಜಮಾನರು. ಯಜಮಾನರು ಎಂದರೆ ಕಸ ಗುಡಿಸುವವರು, ಸೌದೆ ಒಡೆಯುವವರು, ಟೆಂಟು ಹೊತ್ತು ಬಂದವರಿಗೆ ದಾರಿ ಹೇಳುವವರು. ರಸ್ತೆ ಇಲ್ಲ. ಮೊಬೈಲ್‌ಗೆ ಸಿಗ್ನಲ್ ಇಲ್ಲ. ವಾರಕ್ಕೊಮ್ಮೆ ದೋಣಿ ಬರುತ್ತದೆ, ಅದರಲ್ಲೇ ಅಕ್ಕಿ, ಸೀಮೆಎಣ್ಣೆ, ಜನ, ನಿನ್ನ ಕಾಗದ. ಆದ್ದರಿಂದ ನೀನು ಬರೆಯಲೇಬೇಕು. ಫೋನ್‌ನಲ್ಲಾದರೆ ‘ಹೂಂ’ ಎಂದು ಇಟ್ಟುಬಿಡುತ್ತೀಯ.

ನಿನ್ನ ಅಳಿಯ ಈಗ ನೆಲದ ಮೇಲೆ ಕೂತು ಹಗ್ಗ ಸುತ್ತುತ್ತಿದ್ದಾನೆ. ಈ ಲಾಡ್ಜಿನ ಮಂಚ ಅವನಿಗೆ ಮೊಣಕಾಲಿನವರೆಗೆ ಮಾತ್ರ ಸಾಕು, ಉಳಿದದ್ದು ಕುರ್ಚಿಯ ಮೇಲೆ ಮಲಗುತ್ತದೆ. ಹೆದರಿಕೆ ಆಗುತ್ತದಾ ಎಂದು ಕೇಳಿದ. ಇಲ್ಲ ಎಂದೆ. ಆಮೇಲೆ ಸ್ವಲ್ಪ ಎಂದೆ. “ಸ್ವಲ್ಪ ಇರ್ಲಿ ಕಾನ್ವೆಂಟು. ಹೆದರಿಕೆ ಇರೋರೇ ಅಲ್ಲಿ ಬಾಳೋದು” ಎಂದ. ನನ್ನನ್ನು ಅವನು ಕರೆಯುವುದೇ ಹಾಗೆ, ‘ಕಾನ್ವೆಂಟು’. ನಿನಗೆ ಕೋಪ ಬರಬಹುದು, ನನಗೆ ಬರುವುದಿಲ್ಲ. ಹನ್ನೊಂದು ದಿನವಾಯಿತು ಮದುವೆಯಾಗಿ, ಇನ್ನೂ ಯಾವುದಕ್ಕೂ ಕೋಪ ಬಂದಿಲ್ಲ, ಬರೀ ಕುಷಿ.

ರಿಜಿಸ್ಟ್ರಾರ್ ಕಚೇರಿಯಲ್ಲಿ ನೀನು ಸಹಿ ಹಾಕಿ ಊಟಕ್ಕೆ ನಿಲ್ಲದೆ ಹೋದೆಯಲ್ಲ, ಅದನ್ನು ನಾವಿಬ್ಬರೂ ಮಾತಾಡಿಲ್ಲ. ನೀನೂ ಮಾತಾಡಬೇಡ. ಕಾಗದ ಮಾತ್ರ ಬರೆ.

ನಿನ್ನ
ಪುಟ್ಟಿ


೭ ಏಪ್ರಿಲ್

ಪುಟ್ಟಿ,

ನಿನ್ನ ಕಾಗದ ಬಂತು. ಹನ್ನೊಂದು ಕಾಗುಣಿತದ ತಪ್ಪು. ಪ್ರೆಸ್ಸಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಓದುತ್ತಿದ್ದೆ, ಕೈ ತನ್ನಷ್ಟಕ್ಕೆ ಕೆಂಪು ಪೆನ್ನಿಗೆ ಹೋಯಿತು. ಇಪ್ಪತ್ತಾರು ವರ್ಷ ಊರವರ ತಪ್ಪು ತಿದ್ದಿದವಳಿಗೆ ಇದು ರೋಗ. ‘ಖುಷಿ’ಗೆ ಮಹಾಪ್ರಾಣ ಬೇಕು. ಖುಷಿಯಲ್ಲಿದ್ದವರಿಗೇ ಅದು ಮರೆಯುತ್ತದೆ.

ಮೂರು ಪ್ರಶ್ನೆಗೆ ಉತ್ತರ ಬರೆ. ಕ್ಯಾಬಿನ್‌ಗೆ ಒಳಗಿನಿಂದ ಚಿಲಕ ಇದೆಯೇ? ಅಳಿಯಂದಿರು ಬೆಟ್ಟಕ್ಕೆ ಹೋದರೆ ನಿನ್ನ ಜೊತೆ ಯಾರು? ಯಾರಿಗಾದರೂ ಏನಾದರೂ ಆದರೆ ಯಾರಿಗೆ ಹೇಳುತ್ತೀಯ, ಹೇಗೆ ಹೇಳುತ್ತೀಯ?

ಅವರಿಗೆ ಕೆಲಸ ಗೊತ್ತಿದೆ ಎಂದು ನೀನು ಹೇಳುತ್ತೀಯ. ಇರಬಹುದು. ನಿನಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಗ್ಯಾಸ್ ಹಚ್ಚುವಾಗಲೂ ಮುಖ ತಿರುಗಿಸುತ್ತಿದ್ದವಳು ನೀನು. ಗೊತ್ತಿಲ್ಲದ್ದನ್ನು ಕೇಳು. ಕೇಳಿದರೆ ಯಾರೂ ಚಿಕ್ಕವರಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ.

ಅಮ್ಮ


ಕ್ಯಾಬಿನ್ ಒಂದು
12 ಏಪ್ರಿಲ್, ಶನಿವಾರ

ಪ್ರೀತಿಯ ಅಮ್ಮ,

ಅಂಬಿಗ ಹೊರಗೆ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದಾನೆ, ಅವನ ಲೋಟ ಖಾಲಿಯಾಗುವುದರೊಳಗೆ ಇದನ್ನು ಮುಗಿಸಬೇಕು. “ಹೆಂಗಸರು ಬರೆಯೋ ಕಾಗದ, ಸಮುದ್ರದ ಗಾಳಿ, ಎರಡಕ್ಕೂ ಇಷ್ಟು ಹೊತ್ತಿಗೆ ನಿಲ್ಲು ಅನ್ನೋಕಾಗಲ್ಲ” ಎಂದು ಗೊಣಗುತ್ತಿದ್ದಾನೆ. ಇನ್ನೊಂದು ಲೋಟ ಕೊಟ್ಟು ಬಂದೆ.

ನಿನ್ನ ಪ್ರಶ್ನೆಗಳು: ಚಿಲಕ ಇದೆ, ಎರಡಿದೆ. ಜೊತೆಗೆ ಯಾರು ಎಂದರೆ, ಇವತ್ತಿನಿಂದ ಇಬ್ಬರು ಇದ್ದಾರೆ, ಹೇಳುತ್ತೇನೆ. ಮೂರನೆಯದಕ್ಕೆ ವೈರ್‌ಲೆಸ್ ಇತ್ತು, ಕೆಟ್ಟಿತ್ತು, ಕಳೆದ ದೋಣಿಯಲ್ಲಿ ರಿಪೇರಿಗೆ ಹೋಯಿತು. ಮುಂದಿನ ವಾರ ಬರುತ್ತದೆ. ನೀನು ಕಳೆದ ವಾರವೇ ಕೇಳಿದ್ದರೆ ‘ಇದೆ’ ಎಂದು ಬರೆಯುತ್ತಿದ್ದೆ, ನೋಡು.

ಅಮ್ಮಾ, ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಮೋಡ ಒಳಗೆ ಬರುತ್ತದೆ. ನಿಜವಾಗಿ, ಒದ್ದೆ ಕಾಲಿನ ಬೆಕ್ಕಿನ ಹಾಗೆ. ಹಿಂದೆ ಬೆಟ್ಟ ಎಷ್ಟು ಕಡಿದಾಗಿದೆ ಎಂದರೆ ಮೇಲೆ ನೋಡಿದರೆ ಕತ್ತು ನೋಯುತ್ತದೆ. ಮುಂದೆ ಸಮುದ್ರ. ನಡುವೆ ನಾವು, ಒಂದು ಒಲೆ, ಹದಿನಾರು ಕಂಬಳಿ.

ನಿನ್ನ ಅಳಿಯ ನಿನ್ನೆ ಬೆಟ್ಟದ ಮೇಲಿನ ದಾರಿ ಹಿಡಿದು ಕೊನೆಯ ಕ್ಯಾಬಿನ್‌ಗೆ ಹೋದ. ಅಲ್ಲಿ ಮಾಡಿನ ಹಲಗೆ ಹಾರಿಹೋಗಿದೆಯಂತೆ. ಮುಂದಿನ ಗುರುವಾರವೋ ಶುಕ್ರವಾರವೋ ಬರುತ್ತಾನೆ. ಅಲ್ಲಿಯವರೆಗೆ ನಾನೇ ಆಫೀಸು. ಹೋಗುವಾಗ ಅವನ ನೀಲಿ ನೋಟ್‌ಬುಕ್ ಕೊಟ್ಟ. ಕೊನೆಯ ಕ್ಯಾಬಿನ್‌ಗೆ ಜನ ಹೋಗುವುದು ಬೆಟ್ಟದ ಮೇಲಿಂದಲ್ಲ, ಕೆಳಗೆ ಬಂಡೆಯ ಗೋಡೆಯ ಬುಡದಲ್ಲಿ ಮರಳಿನ ಮೇಲೆ. ದಾಟಲು ಮುಕ್ಕಾಲು ಗಂಟೆ. ಸಮುದ್ರ ಪೂರ್ತಿ ಇಳಿದಾಗ ಮಾತ್ರ ಅಲ್ಲಿ ಮರಳು ಇರುತ್ತದೆ, ಉಳಿದ ಹೊತ್ತು ನೀರು ಗೋಡೆಗೇ ಬಡಿಯುತ್ತದೆ. ಆ ಇಳಿತದ ಹೊತ್ತನ್ನು ಹೊರಗಿನ ಕಪ್ಪು ಹಲಗೆಯ ಮೇಲೆ ಬರೆಯುವುದು ನಮ್ಮ ಕೆಲಸ.

“ಬಂದರಿನ ಆಫೀಸಿಂದ ಬರ್ಕೊಂಡಿದ್ದು. ಕನ್ನಡ ಅಂಕಿಯಲ್ಲಿದೆ, ಓದಕ್ಕೆ ಬರುತ್ತಾ?” ಎಂದ.

“ನಮ್ಮಮ್ಮ ಊರಿಗೆಲ್ಲ ಪ್ರೂಫ್ ನೋಡೋರು. ನನ್ನನ್ನ ಏನಂದ್ಕೊಂಡಿದೀಯ?”

“ಸರಿ ತಾಯಿ, ತಪ್ಪಾಯ್ತು.”

ದಿನಕ್ಕೊಂದು ಬರೆಯುವುದೇಕೆ ಎಂದು ಇಡೀ ವಾರದ್ದನ್ನು ಒಂದೇ ಸಲ ಬರೆದೆ, ಸುತ್ತ ಬಳ್ಳಿಯ ಅಂಚು ಬಿಡಿಸಿ. ಎಷ್ಟು ಚೆನ್ನಾಗಿ ಬಂದಿದೆ ಎಂದರೆ ನಿನಗೂ ಬರೆದು ಕಳಿಸುತ್ತಿದ್ದೇನೆ, ನೀನು ಒಂದೂ ತಪ್ಪು ಹುಡುಕಲಾರೆ:

ಬೆಳಗಿನ ಇಳಿತ
ಸೋಮವಾರ 3.40
ಮಂಗಳವಾರ 4.30
ಬುಧವಾರ 5.20
ಗುರುವಾರ 9.10
ಶುಕ್ರವಾರ 7.00

ಇವತ್ತಿನ ದೋಣಿಯಲ್ಲಿ ಬಂದವರು ಇಬ್ಬರು ಅಕ್ಕತಂಗಿಯರು, ಇಬ್ಬರೂ ರಿಟೈರ್ ಆದ ನರ್ಸುಗಳು, ಅಕ್ಕನಿಗೆ ಅರವತ್ತೇಳು. “ಇವಳು ನನ್ನ ತಂಗಿ, ನಲವತ್ತು ವರ್ಷದಿಂದ ನನ್ನ ಚೀಲ ಹೊರ್ತಾ ಇದಾಳೆ” ಎಂದು ಪರಿಚಯ ಮಾಡಿಸಿದರು. ತಂಗಿ “ಚೀಲ ಹಗುರ, ಇವಳ ಮಾತೇ ಭಾರ” ಎಂದರು. ಬುಧವಾರದವರೆಗೆ ಇಲ್ಲೇ ಇದ್ದು ಗುರುವಾರ ಕೊನೆಯ ಕ್ಯಾಬಿನ್‌ಗೆ ನಡೆಯುತ್ತಾರಂತೆ. ಅವರಿಬ್ಬರೂ ಇರುವಾಗ ನನಗೇನು ಭಯ.

ಲೋಟ ಖಾಲಿಯಾಯಿತು. ಅವನು ಕೆಮ್ಮುತ್ತಿದ್ದಾನೆ.

ನಿನ್ನ ಪುಟ್ಟಿ
(ನಿನ್ನ ಕಾಗದದ ಮೇಲಿನ ತಾರೀಕು ಎರಡೋ ಏಳೋ ಎಂದು ಅರ್ಧ ನಿಮಿಷ ನೋಡಿದೆ. ಏಳು ಇರಬೇಕು.)


೧೫ ಏಪ್ರಿಲ್, ಮಂಗಳವಾರ

ಪುಟ್ಟಿ,

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಕೈಗೆ ಬಂತು. ಗುರುವಾರದ ಹೊತ್ತು ತಪ್ಪು. ಹಲಗೆಯಿಂದ ಅದನ್ನು ಅಳಿಸು.

ಮೂರು ನಲವತ್ತು, ನಾಲ್ಕು ಮೂವತ್ತು, ಐದು ಇಪ್ಪತ್ತು. ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗುತ್ತಿದೆ. ಗುರುವಾರ ಆರು ಹತ್ತು ಆಗಬೇಕು, ಶುಕ್ರವಾರ ಏಳು ಸರಿಯಾಗಿದೆ. ನನಗೆ ಸಮುದ್ರ ಗೊತ್ತಿಲ್ಲ, ಪಟ್ಟಿ ಗೊತ್ತು. ನೀನು ೬ ಅನ್ನು ೯ ಎಂದು ಓದಿದ್ದೀಯ. ಪ್ರೆಸ್ಸಿನಲ್ಲಿ ಅವೆರಡನ್ನೂ ಅವಳಿ ಮಕ್ಕಳು ಎನ್ನುತ್ತೇವೆ, ಬಾಲ ತಿರುಗುವುದರಲ್ಲಷ್ಟೇ ವ್ಯತ್ಯಾಸ, ಹಳಬರೂ ಎರಡು ಸಲ ನೋಡುತ್ತಾರೆ. ಒಂಬತ್ತು ಹತ್ತಕ್ಕೆ ಸಮುದ್ರ ಮೂರು ಗಂಟೆ ಏರಿರುತ್ತದೆ.

ಬಂದರಿನ ಆಫೀಸಿಗೆ ಫೋನ್ ಮಾಡಿದೆ. “ಅಲ್ಲಿಗೆ ಶನಿವಾರವೇ ದೋಣಿ ಅಮ್ಮಾ” ಎಂದ. ವೈರ್‌ಲೆಸ್‌ನಲ್ಲಿ ಹೇಳಿ ಎಂದೆ. “ಅದು ಇಲ್ಲೇ ನನ್ನ ಟೇಬಲ್ ಮೇಲೆ ಇದೆಯಲ್ಲ” ಎಂದ. ಬೇರೆ ದೋಣಿ ಕಳಿಸಿ ಎಂದೆ. ಗಾಳಿ ಎಂದ. ನಾಲ್ಕು ಸಲ ಮಾಡಿದೆ. ಐದನೆಯ ಸಲ ಅವನು ಎತ್ತಲಿಲ್ಲ.

ಇದು ನಿನಗೆ ಸಿಗುವುದು ಶನಿವಾರ. ಗುರುವಾರ ಆಗಲೇ ಮುಗಿದಿರುತ್ತದೆ. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ. ನಿನಗೆ ನಾನು ಅಕ್ಷರ ಕಲಿಸಿದೆ. ಲೆಕ್ಕವೆಲ್ಲ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಆಗುತ್ತದೆ ಎಂದು ಅಂಕಿ ಕಲಿಸದೆ ಬಿಟ್ಟೆ. ಇಡೀ ದಿನ ಬೇರೆಯವರ ಅಂಕಿ ನೋಡಿ ಬಂದವಳಿಗೆ ಮನೆಯಲ್ಲಿ ಹತ್ತು ಅಂಕಿ ಬರೆಸಲು ಆಗಲಿಲ್ಲ.

ಅಳಿಯಂದಿರು ಬೇಗ ಬಂದಿರಲಿ. ಆ ಇಬ್ಬರು ಹೆಂಗಸರು ನಿದ್ದೆ ಹೆಚ್ಚಾಗಿ ಹೊರಡದೇ ಇರಲಿ.

ಅಮ್ಮ


ಕ್ಯಾಬಿನ್ ಒಂದು
18 ಏಪ್ರಿಲ್, ಶುಕ್ರವಾರ

ಪ್ರೀತಿಯ ಅಮ್ಮ,

ನಾನು ಕ್ಷೇಮ. ನಿನ್ನ ಅಳಿಯನೂ ಕ್ಷೇಮವಾಗಿ ಹಿಂದಿರುಗಿದ್ದಾನೆ.

ಇಲ್ಲಿ ನಿನ್ನೆ ಒಂದು ಅಪಘಾತವಾಯಿತು. ಅಕ್ಕತಂಗಿಯರು ಮರಳಿನ ದಾರಿಯಲ್ಲಿ ನಡೆಯುವಾಗ ನೀರು ಏರಿತು. ಹಿರಿಯವರು ಬಿದ್ದು ಸೊಂಟದ ಮೂಳೆಗೆ ಪೆಟ್ಟಾಗಿದೆ. ಅತ್ತ ಹಾದುಹೋಗುತ್ತಿದ್ದ ಮೀನುಗಾರರ ದೋಣಿಯಲ್ಲಿ ಸಂಜೆಯೇ ಬಂದರಿನ ಆಸ್ಪತ್ರೆಗೆ ಕಳುಹಿಸಿದೆವು. ಹಲಗೆಯ ಮೇಲಿನ ಸಮಯದಲ್ಲಿ ಏನೋ ವ್ಯತ್ಯಾಸವಾಗಿತ್ತಂತೆ. ಇವತ್ತು ಮಧ್ಯಾಹ್ನ ಇಲಾಖೆಯ ಅಧಿಕಾರಿ ಅದೇ ದೋಣಿಯಲ್ಲಿ ಬಂದು ವರದಿ ಬರೆದುಕೊಂಡರು. ಹಲಗೆ ಬರೆದದ್ದು ನಿನ್ನ ಅಳಿಯ ಎಂದು ದಾಖಲಾಗಿದೆ. ವಿಚಾರಣೆ ಇರುತ್ತದೆಯಂತೆ.

ನೀನು ಚಿಂತಿಸಬೇಡ. ಹವೆ ಚೆನ್ನಾಗಿದೆ.

ಇಂತಿ ನಿನ್ನ ಪ್ರೀತಿಯ ಮಗಳು,
ಪುಟ್ಟಿ


೨೨ ಏಪ್ರಿಲ್

ಪುಟ್ಟಿ,

ಹದಿನೆಂಟನೇ ತಾರೀಕಿನ ಕಾಗದ ಬಂತು. ಒಂದೂ ತಪ್ಪಿಲ್ಲ. ಇಷ್ಟು ವರ್ಷದಲ್ಲಿ ನೀನು ಬರೆದ ಯಾವುದರಲ್ಲೂ ತಪ್ಪಿಲ್ಲದೇ ಇದ್ದದ್ದು ನನಗೆ ನೆನಪಿಲ್ಲ. ಎಷ್ಟು ಸಲ ಕರಡು ಮಾಡಿದೆ?

ಬಂದರಿನ ಆಸ್ಪತ್ರೆಗೆ ಫೋನ್ ಮಾಡಿದೆ. ತಂಗಿಯೇ ಮಾತಾಡಿದರು. ಆಪರೇಷನ್ ಆಗಿದೆ. ನಡೆಯುತ್ತಾರೋ ಇಲ್ಲವೋ ಎರಡು ತಿಂಗಳ ಮೇಲೆ ಹೇಳುತ್ತಾರಂತೆ. ನಾನು ಯಾರು ಎಂದು ಕೇಳಿದರು. ನಿನ್ನ ತಾಯಿ ಎಂದೆ. “ನಿಮ್ಮ ಅಳಿಯ ಹಗ್ಗದಲ್ಲಿ ಇಳಿದು ಬಂದು ನನ್ನಕ್ಕನ್ನ ಮಗು ಥರ ಎತ್ಕೊಂಡ್ರು. ಅವರ ಮೇಲೆ ಕೇಸ್ ಗೀಸ್ ಅಂತ ಆಗೋದು ನಮಗೆ ಇಷ್ಟ ಇಲ್ಲ, ಆದ್ರೆ ಬರೆದೋರು ಅವರೇ ಅಂತೆ, ಏನ್ಮಾಡೋದು” ಎಂದರು. ನಾನು ಅಕ್ಕನ ವಾರ್ಡ್ ನಂಬರ್ ಬರೆದುಕೊಂಡೆ. ಬರೆದದ್ದು ಯಾರೆಂದು ಹೇಳಬೇಕಾದವಳು ನಾನಲ್ಲ.

ಮದುವೆಯ ದಿನ ಅವರ ಬಗ್ಗೆ ಮೆಟ್ಟಿಲ ಮೇಲೆ ನಿನಗೊಂದು ಮಾತು ಹೇಳಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವರಿಗೆ ತಿಳಿಸಬೇಡ, ನಾನೇ ಹೇಳುತ್ತೇನೆ.

ಆ ಹಲಗೆ ಈಗ ಅಳಿಸಿಹೋಗಿರಬಹುದು. ನಿನ್ನ ಕೈಬರಹದ ಪಟ್ಟಿ ನನ್ನ ಬಳಿ ಇದೆ. ಮೇಜಿನ ಡ್ರಾಯರಿನಲ್ಲಿ, ಕನ್ನಡಕದ ಡಬ್ಬಿಯ ಕೆಳಗೆ. ಹರಿಯಲು ಒಮ್ಮೆ ತೆಗೆದೆ. ಹರಿಯಲಿಲ್ಲ. ಯಾರಿಗೂ ಕೊಡಲೂ ಇಲ್ಲ. ಏನು ಮಾಡಬೇಕೆಂದು ನೀನೇ ಹೇಳು.

ಅಮ್ಮ


ಕ್ಯಾಬಿನ್ ಒಂದು
24 ಏಪ್ರಿಲ್, ಗುರುವಾರ

ಅಮ್ಮಾ,

ನೀನು ಹದಿನೈದಕ್ಕೆ ಬರೆದ ಕಾಗದ ಶನಿವಾರ ಸಿಕ್ಕಿತು. ನನ್ನ ಸುಳ್ಳು ಕಾಗದ ತೆಗೆದುಕೊಂಡು ಹೊರಟ ದೋಣಿಯೇ ಅದನ್ನು ತಂದಿತ್ತು. ದಂಡೆಯ ಮೇಲೆ ನಿಂತು ಓದಿದೆ. ತಲೆ ಎತ್ತುವಷ್ಟರಲ್ಲಿ ದೋಣಿ ತಿರುವು ದಾಟಿತ್ತು. ಐದು ದಿನದಿಂದ ಇದನ್ನು ಬರೆಯುತ್ತಿದ್ದೇನೆ.

ನೀನು ಅಂಕಿ ಕಲಿಸಲಿಲ್ಲ ಎಂದು ಬರೆದಿದ್ದೀಯ. ಅಲ್ಲ ಅಮ್ಮ. ಅವನು ಕೇಳಿದ್ದ. ಓದಲು ಬರುತ್ತಾ ಎಂದು ಕೇಳಿದ್ದ, ನಾನು ಬರುತ್ತದೆ ಎಂದೆ. ಬರದೇ ಇದ್ದದ್ದು ತಪ್ಪಲ್ಲ, ಬರುತ್ತದೆ ಎಂದದ್ದು ತಪ್ಪು. ಇನ್ನೂ ಒಂದಿದೆ. ಬುಧವಾರ ಸಂಜೆ ತಂಗಿ ನರ್ಸಮ್ಮ ಹಲಗೆಯ ಮುಂದೆ ನಿಂತು, “ಏನಮ್ಮಾ ಹುಡುಗಿ, ಇವತ್ತು ಐದೂ ಇಪ್ಪತ್ತು, ನಾಳೆ ಒಂಬತ್ತೂ ಹತ್ತಾ? ಸರಿಯಾಗಿ ನೋಡಿದೀಯ ತಾನೆ?” ಎಂದು ಕೇಳಿದರು. ನಾನು ಒಳಗೆ ಹೋಗಿ ನೋಟ್‌ಬುಕ್ ತೆಗೆಯಬಹುದಿತ್ತು. ಆಲೂಗಡ್ಡೆ ಬೇಯುತ್ತಿತ್ತು. “ಸಮುದ್ರ ನಮ್ಮ ಟೈಮ್‌ಟೇಬಲ್ ಕೇಳುತ್ತಾ ಆಂಟಿ” ಎಂದು ನಕ್ಕೆ. ಅವರೂ ನಕ್ಕರು. “ಒಂಬತ್ತಾದ್ರೆ ಒಳ್ಳೇದೇ, ನಮ್ಮಕ್ಕ ಆರಕ್ಕೆಲ್ಲ ಏಳೋ ಪೈಕಿ ಅಲ್ಲ” ಎಂದರು.

ಗುರುವಾರ ಎಂಟೂ ಮುಕ್ಕಾಲಿಗೆ ಹೊರಟರು. ನಾನು ಕೈ ಬೀಸಿದೆ. ನೀರು ಸ್ವಲ್ಪ ಹತ್ತಿರವೇ ಇತ್ತು, ಇನ್ನೇನು ಇಳಿಯುತ್ತದೆ ಎಂದುಕೊಂಡೆ. ಆಮೇಲೆ ಕಂಬಳಿ ಒಗೆಯಲು ಕೂತೆ. ಎಂಟು ಕಂಬಳಿ ಒಗೆದೆ, ಹಾಡು ಹೇಳುತ್ತ. ಆ ಎಂಟು ಕಂಬಳಿಯ ಹೊತ್ತಿನಲ್ಲಿ ಅವರಿಬ್ಬರೂ ಗೋಡೆಯ ಒಂದು ಸೀಳಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಅಕ್ಕ ಜಾರಿ ಬಿದ್ದಾಗಿತ್ತು, ತಂಗಿ ಅವರನ್ನು ತನ್ನ ಚೀಲದ ಪಟ್ಟಿಯಿಂದ ಮೈಗೆ ಕಟ್ಟಿಕೊಂಡಿದ್ದರು. ನಿನ್ನ ಅಳಿಯ ಮಧ್ಯಾಹ್ನ ಬೆಟ್ಟದ ದಾರಿಯಲ್ಲಿ ಬರುವಾಗ ಕೆಳಗೆ ಹಳದಿ ರೇನ್‌ಕೋಟು ಕಂಡು ಹಗ್ಗ ಬಿಟ್ಟು ಇಳಿದ. ಒಂದು ದಿನ ತಡವಾಗಿ ಹೊರಟಿದ್ದರೆ? ಈ ಪ್ರಶ್ನೆ ಅನ್ನ ತಿನ್ನುವಾಗಲೂ ಎದುರಿಗೆ ಕೂತಿರುತ್ತದೆ.

ಅವರನ್ನು ಮಲಗಿಸಿ ಅವನು ಹೊರಗೆ ಬಂದು ಹಲಗೆ ನೋಡಿದ.

“ನೀನು ಬರೆದಿದ್ದನ್ನೇ ಬರೆದೆ” ಎಂದೆ.

ಅವನು ಒಳಗಿಂದ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದ. ಗುರುವಾರದ ಸಾಲಿನ ಮೇಲೆ ಬೆರಳಿಟ್ಟ. “ಇದು ಎಷ್ಟು?”

“ಒಂಬತ್ತು.”

“ಆರು ಕಣೆ” ಎಂದ. ಅಷ್ಟೇ. ಒದ್ದೆ ತೋಳಿನಿಂದ ಹಲಗೆ ಒರೆಸಿದ. ಬಳ್ಳಿಯ ಅಂಚೂ ಹೋಯಿತು.

ಮಾರನೆಯ ದಿನ ಅಧಿಕಾರಿ ಕೇಳಿದರು, “ಬೋರ್ಡ್ ಬರೆದೋರು ಯಾರು?” ನಾನು ಟೀ ಬಗ್ಗಿಸುತ್ತಿದ್ದೆ. ಅವನು “ನಾನೇ” ಎಂದ. “ಗುರುವಾರದ್ದನ್ನ ಹೇಗಪ್ಪಾ ತಪ್ಪು ಬರೆದೆ, ಹತ್ತು ವರ್ಷದಿಂದ ಗೈಡ್ ಕೆಲಸ ಮಾಡ್ತಿದೀಯ?” “ಅವಸರ ಸಾರ್.” ಅವರು ಬರೆದುಕೊಂಡರು. ನಾನು ಟೀ ಬಗ್ಗಿಸುತ್ತಲೇ ಇದ್ದೆ, ಕಪ್ ತುಂಬಿ ಸಾಸರಿಗೆ ಬಂತು. “ಸಾಕಮ್ಮ” ಎಂದರು. ಆಗ ಬಾಯಿ ತೆಗೆಯಬಹುದಿತ್ತು. ಸಕ್ಕರೆ ಬೇಕಾ ಎಂದು ಕೇಳಿದೆ.

ಅವನ ಗೈಡ್ ಲೈಸೆನ್ಸ್ ಹೋದರೆ ಇನ್ನು ಯಾವ ಬೆಟ್ಟದಲ್ಲೂ ಅವನಿಗೆ ಕೆಲಸವಿಲ್ಲ. ಬೇರೆ ಕೆಲಸ ಅವನಿಗೆ ಬರುವುದೂ ಇಲ್ಲ. ನಾನು ಹೇಳುತ್ತೇನೆ ಎಂದರೆ, “ಹಲಗೆ ನನ್ನ ಜವಾಬ್ದಾರಿ. ಬಿಟ್ಟು ಹೋಗಿದ್ದು ನಾನು. ಸುಮ್ನಿರು” ಎನ್ನುತ್ತಾನೆ. ಬೈಯುವುದಿಲ್ಲ. ಬೈದರೆ ತಿರುಗಿ ಅಳಬಹುದಿತ್ತು. ‘ಕಾನ್ವೆಂಟು’ ಎಂದೂ ಕರೆಯುವುದಿಲ್ಲ ಈಗ. ನಿನ್ನೆ ನೀಲಿ ನೋಟ್‌ಬುಕ್ ತೆಗೆದು ನೋಡಿದೆ. ಸೋಮವಾರದಿಂದ ಎಲ್ಲವನ್ನೂ ಇಂಗ್ಲಿಷ್ ಅಂಕಿಯಲ್ಲಿ ಬರೆಯುತ್ತಿದ್ದಾನೆ. ಅಭ್ಯಾಸವಿಲ್ಲ, ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದನ್ನೂ ಒತ್ತಿ ಒತ್ತಿ ಬರೆದಿದ್ದಾನೆ.

ಇದರಲ್ಲಿ ತಪ್ಪುಗಳು ಎಷ್ಟಿವೆಯೋ, ಎಣಿಸಬೇಡ.

ಪುಟ್ಟಿ


26 ಏಪ್ರಿಲ್, ಶನಿವಾರ

ಅಮ್ಮಾ,

ಮೇಲಿನದನ್ನು ಲಕೋಟೆಗೆ ಹಾಕುವಾಗ ದೋಣಿ ಬಂತು, ನಿನ್ನ ಇಪ್ಪತ್ತೆರಡರ ಕಾಗದವೂ ಬಂತು, ಇಲಾಖೆಯ ನೋಟೀಸೂ ಬಂತು. ಮೇ ಆರು, ಮಂಗಳವಾರ, ಹನ್ನೊಂದು ಗಂಟೆಗೆ ನಮ್ಮೂರಿನ ಹೆಡ್ ಆಫೀಸಿನಲ್ಲಿ ವಿಚಾರಣೆ. ಅವನ ಹೆಸರಿಗೆ.

ಹರಿಯಬೇಡ. ಡ್ರಾಯರಿನಲ್ಲೇ ಇರಲಿ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ, ಮೆಟ್ಟಿಲ ಮೇಲಿನ ಮಾತೊಂದನ್ನು ಬಿಟ್ಟು. ಪಟ್ಟಿಯ ವಿಷಯ ಬಂದಾಗ ಅವನು ಸೌದೆ ಒಡೆಯುವುದನ್ನು ನಿಲ್ಲಿಸಿದ.

“ಅದನ್ನ ಯಾಕೆ ಇಟ್ಕೊಂಡಿದಾರೆ ಅವರು?”

“ನನಗೋಸ್ಕರ.”

“ನಾನೊಬ್ಬನೇ ಹೋಗಿ ಬರ್ತೀನಿ. ನೀನು ಇಲ್ಲಿರು. ಇವತ್ತು ಆರು ಜನ ಬಂದಿದಾರೆ, ಇಬ್ಬರೂ ಹೋದ್ರೆ ನೋಡೋರು ಯಾರು?”

“ಅದಕ್ಕೇ ಹೇಳ್ತಿರೋದು. ನೀನಿರು, ನಾನು ಹೋಗ್ತೀನಿ. ಹಲಗೆ ಬರೆದೋರು ಹೋಗಬೇಕು.”

“ನೀನು ಹೋಗಿ ಏನಂತೀಯ?”

“ಬರುತ್ತಾ ಅಂತ ಕೇಳಿದ್ರು, ಬರುತ್ತೆ ಅಂದೆ ಅಂತ.”

ಅವನು ಕೊಡಲಿಯನ್ನು ದಿಮ್ಮಿಗೆ ಸಿಕ್ಕಿಸಿ ಕೂತ. ನನ್ನ ಕಡೆ ನೋಡದೆ, “ನನ್ನನ್ನ ಸುಳ್ಳ ಅಂತಾರೆ ಆಗ” ಎಂದ. ಹೌದು ಎಂದೆ. ಅಂದ ಮೇಲೆ ಭಯವಾಯಿತು, ಅವನು ಎದ್ದು ಹೋಗುತ್ತಾನೆ ಎಂದು. ಹೋಗಲಿಲ್ಲ. ಒಳಗಿಂದ ಅವನ ಲೈಸೆನ್ಸಿನ ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟ. “ಅದನ್ನೂ ತಗೊಂಡು ಹೋಗು, ಕೇಳ್ತಾರೆ” ಎಂದ. ಅವನಿಗೆ ಕೋಪವೋ, ನೆಮ್ಮದಿಯೋ, ನನಗೆ ಗೊತ್ತಾಗಲಿಲ್ಲ. ಕೇಳಿದೆ. “ಎರಡೂ” ಎಂದ.

ಕೆಲಸ ಇಬ್ಬರದೂ ಹೋಗಬಹುದು. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಮೇ ಮೂರು, ಶನಿವಾರದ ದೋಣಿಯಲ್ಲಿ ಬಂದರಿಗೆ ಬರುತ್ತೇನೆ. ಭಾನುವಾರ ಆಸ್ಪತ್ರೆ. ವಿಚಾರಣೆಗೆ ಮೊದಲು ಆ ಇಬ್ಬರಿಗೆ ನಾನೇ ಹೇಳಬೇಕು. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಮಾತಾಡದೇ ಇದ್ದರೆ ಏನು ಮಾಡುವುದೋ ತಿಳಿಯದು. ನೀನು ಮಂಗಳವಾರ ಪ್ರೆಸ್ಸಿಗೆ ರಜೆ ಹಾಕಬೇಡ, ಒಳಗೆ ನಾನೊಬ್ಬಳೇ ಹೋಗುತ್ತೇನೆ. ಆದರೆ ಸ್ಟೇಷನ್ನಿಗೆ ಬಾ.

ಸೋಮವಾರ, ಮೇ ಐದನೇ ತಾರೀಕು, ಬಂದರಿನಿಂದ ಬೆಳಿಗ್ಗೆ ಎಂಟೂವರೆಗೆ ಹೊರಡುವ ಪ್ಯಾಸೆಂಜರ್, ಸಂಜೆ ಐದು ಇಪ್ಪತ್ತಕ್ಕೆ ಅಲ್ಲಿ ತಲುಪುತ್ತದೆ.

ಪುಟ್ಟಿ